ಕೋಣೆ ಬೇರೆ, ಸೂರು ಒಂದೇ: ಯುರೋಪಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ, ಸ್ಪೇನಿನಿಂದ ಬೇರೆಯಾಗಲು ಹೊರಟ ಕ್ಯಾಟಲೋನಿಯಾ ಪ್ರಾಂತ್ಯದ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಡ, ಪತ್ರಗಳು ಬಂದು ಬಿದ್ದವು. ಎಲ್ಲಕ್ಕೂ ಉತ್ತರಿಸಲು ಜಾಗ ಇಲ್ಲ. ಹೊಸ ಓದುಗರಿಗೆ ಒಂದು ಮಾತು: ನಾನು ರಾಜಕೀಯ ಪಂಡಿತೆ ಅಲ್ಲ. ಗಂಡನ ಕೆಲಸದ ನೆಪದಲ್ಲಿ 11 ವರ್ಷ ಬೆಲ್ಜಿಯಂನಲ್ಲಿ ಇದ್ದವಳು. ಅಲ್ಲಿ ಕಂಡದ್ದು, ಓದಿದ್ದು, ನೆರೆಹೊರೆಯವರ ಜೊತೆ ವಾದ ಮಾಡಿದ್ದು, ಇಷ್ಟೇ ನನ್ನ ಬಂಡವಾಳ.

ಪ್ರಶ್ನೆ: ಮೇಡಂ, ನೀವು ರಾಷ್ಟ್ರೀಯವಾದಿಗಳು, ಪ್ರಾದೇಶಿಕವಾದಿಗಳು ಅಂತ ಎರಡು ಹೆಸರು ಬಳಸುತ್ತೀರಿ. ಯುರೋಪಿನ ಒಗ್ಗಟ್ಟು ಒಡೆಯುವುದೇ ಇಬ್ಬರ ಕೆಲಸ ಅಲ್ವಾ? ವ್ಯತ್ಯಾಸ ಏನು?

ನಾನೂ ಹಾಗೇ ಅಂದುಕೊಂಡಿದ್ದೆ. 2017ರ ಡಿಸೆಂಬರ್ 7ರವರೆಗೆ. ಅವತ್ತು ಬ್ರಸೆಲ್ಸ್‌ನಲ್ಲಿ ಐರೋಪ್ಯ ಒಕ್ಕೂಟದ ಕಚೇರಿಗಳಿರುವ ಬೀದಿಗಳಲ್ಲಿ ಕ್ಯಾಟಲನ್ನರ ಮೆರವಣಿಗೆ. ಪೊಲೀಸರ ಲೆಕ್ಕದಲ್ಲೇ 45,000 ಜನ. ಎಲ್ಲರ ಕುತ್ತಿಗೆಗೂ ಹಳದಿ ಸ್ಕಾರ್ಫು. ಕೊರೆಯುವ ಚಳಿ. ಫುಟ್‌ಪಾತಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ಅಜ್ಜಿ ಸುಧಾರಿಸಿಕೊಳ್ಳಲು ಬಂದು ನಿಂತರು. ಒಂದು ಕೈಯಲ್ಲಿ ಕ್ಯಾಟಲೋನಿಯಾದ ಬಾವುಟ. ಇನ್ನೊಂದು ಕೈಯಲ್ಲಿ ಐರೋಪ್ಯ ಒಕ್ಕೂಟದ 12 ನಕ್ಷತ್ರದ ನೀಲಿ ಬಾವುಟ. ಎರಡನ್ನೂ ನನ್ನ ಕೈಗೆ ಕೊಟ್ಟು ಶೂ ಲೇಸು ಕಟ್ಟಿಕೊಂಡರು. ಎರಡು ಬಾವುಟ ಹಿಡಿದು ಪೆದ್ದಿಯ ಹಾಗೆ ನಿಂತಿದ್ದೆ. ಒಂದು ದೇಶ ಬಿಟ್ಟು ಹೋಗುತ್ತೇನೆ ಅನ್ನುವವರಿಗೆ ಇನ್ನೊಂದು ಬಾವುಟ ಯಾಕೆ ಬೇಕು ಅನ್ನಿಸಿತು.

ವ್ಯತ್ಯಾಸ ಅಲ್ಲೇ ಇದೆ. ಫ್ರಾನ್ಸಿನ ಅಥವಾ ಇಂಗ್ಲೆಂಡಿನ ರಾಷ್ಟ್ರೀಯವಾದಿಯ ಕಣ್ಣಿಗೆ ಬ್ರಸೆಲ್ಸೇ ಕಳ್ಳ. ತನ್ನ ದೇಶದ ಅಧಿಕಾರವನ್ನು ಕದ್ದದ್ದು ಅದು. ಕ್ಯಾಟಲೋನಿಯಾದವನಿಗೆ ಕಳ್ಳ ಮ್ಯಾಡ್ರಿಡ್. ಸ್ಕಾಟ್ಲೆಂಡಿನವನಿಗೆ ಲಂಡನ್. ಇವರಿಗೆ ಬ್ರಸೆಲ್ಸ್ ಆಸರೆ. ಕೋಣೆ ಬೇರೆ ಬೇಕು, ಸೂರು ಇದೇ ಇರಲಿ ಅನ್ನುವ ಜನ. ಸ್ಕಾಟಿಷ್ ನ್ಯಾಷನಲ್ ಪಾರ್ಟಿಯು 1980ರ ದಶಕದ ಕೊನೆಯಿಂದ ಹೇಳುತ್ತಾ ಬಂದಿರುವುದೇ 'ಯುರೋಪಿನೊಳಗೆ ಸ್ವಾತಂತ್ರ್ಯ' ಅಂತ. ಒಕ್ಕೂಟದಲ್ಲಿ ಇರಬೇಕೇ ಬೇಡವೇ ಎಂಬ 2016ರ ಬ್ರೆಕ್ಸಿಟ್ ಮತದಾನದಲ್ಲಿ ಇಡೀ ಬ್ರಿಟನ್ 51.9% ಮತಗಳಿಂದ 'ಹೊರಡೋಣ' ಎಂದಾಗ, ಸ್ಕಾಟ್ಲೆಂಡ್ 62% ಮತಗಳಿಂದ 'ಇರೋಣ' ಎಂದಿತು.

ಇದರಲ್ಲಿ ಒಂದು ತಮಾಷೆಯ ಗಂಟಿದೆ. ಚಿಕ್ಕ ದೇಶವಾಗಿ ಬದುಕುವುದು ಹಿಂದೆ ಕಷ್ಟವಿತ್ತು. ಮಾರುಕಟ್ಟೆ ಚಿಕ್ಕದು, ನಾಣ್ಯ ದುರ್ಬಲ, ಪಕ್ಕದ ದೊಡ್ಡವನ ಭಯ. ಒಕ್ಕೂಟ ಬಂದ ಮೇಲೆ ಮಾರುಕಟ್ಟೆ ಎಲ್ಲರದೂ ಒಂದೇ, ನಾಣ್ಯ ಬಹುಪಾಲು ಒಂದೇ. ಪುಟ್ಟ ಮಾಲ್ಟಾಕ್ಕೂ ಜರ್ಮನಿಯ ಪಕ್ಕದಲ್ಲೇ ಕುರ್ಚಿ. ಅಂದ ಮೇಲೆ ನಾವ್ಯಾಕೆ ಬೇರೆ ಆಗಬಾರದು ಅಂತ ಕೇಳುವುದು ಸಹಜ ಅಲ್ವಾ? ದೇಶಗಳನ್ನು ಒಟ್ಟುಗೂಡಿಸಲು ಕಟ್ಟಿದ ಒಕ್ಕೂಟ, ಬೇಡವೆಂದರೂ, ದೇಶದೊಳಗೆ ಪಾಲಾಗುವುದನ್ನು ಅಗ್ಗ ಮಾಡಿತು.

ಹಾಗಂತ ಇವೆರಡು ಜಾತಿಗಳ ನಡುವೆ ಗೋಡೆ ಏನೂ ಇಲ್ಲ. ಇಟಲಿಯ ಲೆಗಾ ಪಕ್ಷವನ್ನೇ ನೋಡಿ. ಆಗ ಅದರ ಹೆಸರು ಲೆಗಾ ನಾರ್ಡ್, ಉತ್ತರದ ಲೀಗ್. 1996ರ ಸೆಪ್ಟೆಂಬರಿನಲ್ಲಿ ಅದರ ನಾಯಕ ಉಂಬೆರ್ತೊ ಬೊಸ್ಸಿ, ಪೊ ನದಿ ಹುಟ್ಟುವ ಬೆಟ್ಟದಿಂದ ಗಾಜಿನ ಸೀಸೆಯಲ್ಲಿ ನೀರು ತುಂಬಿಕೊಂಡು, ವೆನಿಸ್‌ಗೆ ಬಂದು ಸಮುದ್ರದ ನೀರಿಗೆ ಸುರಿದರು. 'ಪದಾನಿಯಾ' ಎಂಬ ಸ್ವತಂತ್ರ ದೇಶ ಹುಟ್ಟಿತು ಎಂದು ಘೋಷಿಸಿದರು. 'ಕಳ್ಳ ರೋಮ್' ಅನ್ನುವುದು ಅವರ ಘೋಷಣೆ. ದಕ್ಷಿಣ ಇಟಲಿಯ ಭಾರ ಹೊತ್ತು ಯೂರೋ ನಾಣ್ಯ ನಮ್ಮ ಕೈತಪ್ಪಿ ಹೋಗುತ್ತದೆ ಎಂಬ ಕೊರಗು ಬೇರೆ. ಇಪ್ಪತ್ತೇ ವರ್ಷ. ಮತ್ತೆಯೊ ಸಾಲ್ವಿನಿ ಬಂದರು, 2018ರ ಚುನಾವಣೆಗೆ ಚಿಹ್ನೆಯಿಂದ 'ನಾರ್ಡ್' ಅಳಿಸಿಹಾಕಿದರು. ಈಗ 'ಇಟಾಲಿಯನ್ನರು ಮೊದಲು'. ಕಳ್ಳ ರೋಮ್ ಅಲ್ಲ, ಬ್ರಸೆಲ್ಸ್. ಆ ವರ್ಷ 17% ಮತ ಸಿಕ್ಕಿತು, ಮರುವರ್ಷದ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆಯಲ್ಲಿ 34%. ಸೀಸೆಯ ನೀರಿನ ಸುದ್ದಿ ಯಾರೂ ಎತ್ತಲಿಲ್ಲ.

ಪ್ರಶ್ನೆ: ಕ್ಯಾಟಲನ್ನರು ಅಷ್ಟು ಪ್ರೀತಿಯಿಂದ ಬಾವುಟ ಹಿಡಿದು ಬಂದರೂ ಬ್ರಸೆಲ್ಸ್ ಯಾಕೆ ಸುಮ್ಮನಿತ್ತು?

ಯಾಕಂದ್ರೆ ಒಕ್ಕೂಟ ದೇಶಗಳ ಸಂಘ. ಜನರ ಸಂಘ ಅಂತ ಅದರ ಭಾಷಣಗಳಲ್ಲಿ ಮಾತ್ರ ಬರುತ್ತದೆ. ಸದಸ್ಯ ದೇಶದ ಗಡಿಗಳನ್ನು ಗೌರವಿಸುತ್ತೇವೆ ಎಂದು ಒಪ್ಪಂದದ 4ನೇ ವಿಧಿಯಲ್ಲೇ ಇದೆ. 2017ರ ಅಕ್ಟೋಬರ್ 1ರಂದು ಸ್ಪೇನಿನ ಕೋರ್ಟು ತಡೆಹಿಡಿದಿದ್ದ ಸ್ವಾತಂತ್ರ್ಯದ ಜನಮತಗಣನೆಯನ್ನು ಕ್ಯಾಟಲೋನಿಯಾ ನಡೆಸಿತು. ಪೊಲೀಸರು ಮತಗಟ್ಟೆಗಳಿಗೆ ನುಗ್ಗಿ ಲಾಠಿ ಬೀಸಿದರು. ಮಾರನೇ ದಿನ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಹೇಳಿದ್ದು: ಇದು ಸ್ಪೇನಿನ ಒಳಗಿನ ವಿಷಯ, ಬೇರೆಯಾದರೆ ನೀವು ಒಕ್ಕೂಟದಿಂದಲೂ ಹೊರಗೆ. ಹೊರಗಿನಿಂದ ಹೊಸದಾಗಿ ಅರ್ಜಿ ಹಾಕಬೇಕು, ಒಳಗಿರುವ ಪ್ರತಿ ದೇಶವೂ ಹೂಂ ಅನ್ನಬೇಕು. ಸ್ಪೇನ್ ಹೂಂ ಅಂದೀತೇ?

ಭಯ ಸ್ಪೇನಿಗೆ ಮಾತ್ರ ಅಲ್ಲ. 2008ರಲ್ಲಿ ಕೊಸೊವೊ ಸರ್ಬಿಯಾದಿಂದ ಸ್ವತಂತ್ರ ಎಂದಾಗ ಸ್ಪೇನ್, ಗ್ರೀಸ್, ಸೈಪ್ರಸ್, ರೊಮೇನಿಯಾ, ಸ್ಲೊವಾಕಿಯಾ ಮಾನ್ಯತೆ ಕೊಡಲಿಲ್ಲ. ಕೊಸೊವೊ ಮೇಲಿನ ಸಿಟ್ಟಿಗಿಂತ ತಮ್ಮ ತಮ್ಮ ಹಿತ್ತಿಲ ಚಿಂತೆ ಜಾಸ್ತಿ.

ನನ್ನನ್ನು ಕಾಡುವುದು ಭಾಷೆಯ ವಿಷಯ. ಒಕ್ಕೂಟಕ್ಕೆ 24 ಅಧಿಕೃತ ಭಾಷೆ. ಸುಮಾರು 5 ಲಕ್ಷ ಜನರ ಮಾಲ್ಟೀಸ್ ಆ ಪಟ್ಟಿಯಲ್ಲಿದೆ. ಒಂದು ಕೋಟಿ ಜನರಿಗೆ ಬರುವ ಕ್ಯಾಟಲನ್ ಇಲ್ಲ. ಮಾಲ್ಟೀಸ್‌ಗೆ ಒಕ್ಕೂಟದೊಳಗೆ ಒಂದು ದೇಶ ಇದೆ, ಕ್ಯಾಟಲನ್‌ಗೆ ಇಲ್ಲ, ಅಷ್ಟೇ. 2023ರ ಆಗಸ್ಟಿನಲ್ಲಿ ಸ್ಪೇನ್ ಸರ್ಕಾರವೇ ಕ್ಯಾಟಲನ್ನನ್ನು ಸೇರಿಸಿ ಎಂದು ಅರ್ಜಿ ಹಾಕಿತು. ಪ್ರೀತಿ ಉಕ್ಕಿ ಬಂದದ್ದಲ್ಲ. ಅದೇ ದಿನ ಮ್ಯಾಡ್ರಿಡ್ ಸಂಸತ್ತಿನಲ್ಲಿ ಸ್ಪೀಕರ್ ಆಯ್ಕೆ ಇತ್ತು, ಕ್ಯಾಟಲನ್ ಪಕ್ಷಗಳ ಮತ ಬೇಕಿತ್ತು.

ಪ್ರಶ್ನೆ: ಯೂರೋ ನೋಟಿನ ಮೇಲಿರುವ ಸೇತುವೆಗಳು ಯಾವ ದೇಶದವು?

ಯಾವ ದೇಶದವೂ ಅಲ್ಲ. ಒಂದು ದೇಶದ ಸೇತುವೆ ಹಾಕಿದರೆ ಇನ್ನೊಂದಕ್ಕೆ ಮುನಿಸು. ಆದ್ದರಿಂದ ಎಲ್ಲೂ ಇಲ್ಲದ ಸೇತುವೆಗಳನ್ನೇ ಬರೆಸಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆಮೇಲೆ ನೆದರ್‌ಲೆಂಡ್ಸಿನ ಸ್ಪೈಕೆನಿಸ್ಸೆ ಎಂಬ ಊರಿನವರು ನೋಟು ನೋಡಿ ಏಳೂ ಸೇತುವೆಗಳನ್ನು ಪುಟ್ಟದಾಗಿ, ಅದೇ ಬಣ್ಣದಲ್ಲಿ, ಕಾಲುವೆಯ ಮೇಲೆ ನಿಜಕ್ಕೂ ಕಟ್ಟಿಬಿಟ್ಟರು! ಈಗ ಅವು ಡಚ್ಚರವು.

ಪ್ರಶ್ನೆ: ಯುರೋಪನ್ನು ಒಂದು ಮಾಡಲು ಹೊರಟ ಬ್ರಸೆಲ್ಸ್ ಇರುವ ಬೆಲ್ಜಿಯಂ ದೇಶವೇ ಎರಡು ಹೋಳಂತೆ. ಹೌದೇ?

ಇದಕ್ಕೆ ಕಾಯುತ್ತಿದ್ದೆ.

ಬ್ರಸೆಲ್ಸ್ ಅಂಚಿನಲ್ಲಿ, ಡಚ್ ಮಾತಾಡುವ ಫ್ಲಾಂಡರ್ಸ್ ಕಡೆಯ ಒಂದು ಊರಿನಲ್ಲಿ ನಾವು ಮನೆ ಹಿಡಿದಿದ್ದೆವು. ವಿಳಾಸ ಬರೆಸಲು ಪುರಸಭೆಗೆ ಹೋದೆ. ಆಗ ನನಗೆ ಹರಕುಮುರುಕು ಫ್ರೆಂಚ್ ಬರುತ್ತಿತ್ತು. ಡಚ್ ಸೊನ್ನೆ. ಫ್ರೆಂಚಿನಲ್ಲಿ ಕೇಳಿದೆ. ಕೌಂಟರಿನ ಹುಡುಗಿ ನಗುನಗುತ್ತಾ ಡಚ್ಚಿನಲ್ಲಿ ಉತ್ತರಿಸಿದಳು. ನಾನು ಮತ್ತೆ ಫ್ರೆಂಚ್. ಅವಳು ಮತ್ತೆ ಡಚ್. ಮೂರು ಸುತ್ತು ಆಯಿತು. ಬಂದ ದಾರಿಗೆ ಸುಂಕವಿಲ್ಲ ಅಂತ ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಮಧ್ಯಾಹ್ನದ ಬಿಡುವಾಯಿತು. ಅದೇ ಹುಡುಗಿ ಬಂದು ನನ್ನ ಪಕ್ಕ ನಿಂತಳು. ಸಿಗರೇಟು ಹಚ್ಚಿದಳು. ಆಮೇಲೆ ಸೊಗಸಾದ ಫ್ರೆಂಚಿನಲ್ಲಿ ಯಾವ ಕಾಗದ ತರಬೇಕು, ಎಷ್ಟು ಫೋಟೊ ಬೇಕು, ಯಾವತ್ತು ರಶ್ ಕಮ್ಮಿ, ಎಲ್ಲ ಹೇಳಿದಳು. "ಒಳಗೆ ನಾನು ಪುರಸಭೆ. ಇಲ್ಲಿ ನಾನು ನಾನೇ" ಎಂದಳು. ಆ ಸಂಜೆಯೇ ಡಚ್ ಕ್ಲಾಸಿಗೆ ಹೆಸರು ಕೊಟ್ಟೆ.

1960ರ ದಶಕದ ಆರಂಭದಲ್ಲಿ ಅಲ್ಲಿ ಭಾಷೆಯ ಗಡಿಯನ್ನು ಕಾನೂನಿನಿಂದಲೇ ಗೆರೆ ಎಳೆದು ಗಟ್ಟಿ ಮಾಡಿದರು. ಮೇಲೆ ಡಚ್, ಕೆಳಗೆ ಫ್ರೆಂಚ್, ಪೂರ್ವದ ಮೂಲೆಯಲ್ಲಿ ಚೂರು ಜರ್ಮನ್. ಗೆರೆಯ ಮೇಲ್ಗಡೆ ಬಿದ್ದ ಲ್ಯೂವೆನ್‌ನಲ್ಲಿ ನೂರಾರು ವರ್ಷ ಹಳೆಯ ವಿಶ್ವವಿದ್ಯಾಲಯ. ಅದರೊಳಗೆ ಫ್ರೆಂಚ್ ವಿಭಾಗ ಯಾಕಿರಬೇಕು ಎಂದು ಗಲಾಟೆ. 1968ರಲ್ಲಿ ಅದೇ ವಿಷಯಕ್ಕೆ ಸರ್ಕಾರ ಬಿತ್ತು. ಫ್ರೆಂಚಿನವರು ಗೆರೆಯಾಚೆಯ ಹೊಲಗಳಲ್ಲಿ ಹೊಸ ಊರನ್ನೇ ಕಟ್ಟಿಕೊಂಡು ಹೊರಟರು. ಉಳಿದದ್ದು ಲೈಬ್ರರಿ. ಯಾರಿಗೆ ಯಾವ ಪುಸ್ತಕ? ಕೊನೆಗೆ ಕಪಾಟಿನ ನಂಬರು ನೋಡಿ ಹಂಚಿದರು. ಬೆಸ ಸಂಖ್ಯೆ ಒಬ್ಬರಿಗೆ, ಸಮ ಸಂಖ್ಯೆ ಇನ್ನೊಬ್ಬರಿಗೆ. ಅಣ್ಣ ತಮ್ಮ ಪಾಲಾಗುವಾಗ ಪಾತ್ರೆ ಎಣಿಸಿದ ಹಾಗೆ.

ಮತ್ತೆ ದೇಶ ಯಾಕೆ ಒಡೆದಿಲ್ಲ? ಬ್ರಸೆಲ್ಸ್ ಇದೆಯಲ್ಲ. ಫ್ಲಾಂಡರ್ಸ್ ಮಧ್ಯೆ ಕೂತಿರುವ, ಹೆಚ್ಚಾಗಿ ಫ್ರೆಂಚ್ ಮಾತಾಡುವ ಊರು. ಇಬ್ಬರೂ ಬಿಟ್ಟುಕೊಡುವುದಿಲ್ಲ. 2010–11ರಲ್ಲಿ 541 ದಿನ ಪೂರ್ಣ ಪ್ರಮಾಣದ ಸರ್ಕಾರವೇ ಇರಲಿಲ್ಲ. ಕಸದ ಗಾಡಿ ಬಂತು, ಪಿಂಚಣಿ ಬಂತು, ಟ್ರ್ಯಾಮು ಓಡಿತು. ಅದೇ ಹೊತ್ತಿನಲ್ಲಿ ಆರು ತಿಂಗಳು ಐರೋಪ್ಯ ಒಕ್ಕೂಟದ ಸರದಿ ಅಧ್ಯಕ್ಷತೆಯನ್ನೂ ಆ ಉಸ್ತುವಾರಿ ಸರ್ಕಾರವೇ ನಡೆಸಿತು. ಮೇಲೆ ಒಕ್ಕೂಟ, ಕೆಳಗೆ ಪ್ರಾಂತ್ಯ. ನಡುವಿನ ದೇಶ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರೂ ನಡೆಯುತ್ತದೆ ಎಂದಾಯಿತು. ಇನ್ನೊಂದು ಸೋಜಿಗ ಕೇಳಿ. 2025ರ ಫೆಬ್ರವರಿಯಲ್ಲಿ ಪ್ರಧಾನಿಯಾದ ಬಾರ್ಟ್ ಡೆ ವೇವರ್ ಅವರ ಪಕ್ಷದ ನಿಬಂಧನೆಯಲ್ಲಿ ಗುರಿ ಏನೆಂದು ಬರೆದಿದೆ ಗೊತ್ತಾ? ಐರೋಪ್ಯ ಒಕ್ಕೂಟದ ಸದಸ್ಯವಾಗಿರುವ ಸ್ವತಂತ್ರ ಫ್ಲಾಂಡರ್ಸ್. ಅಂದರೆ ತನ್ನ ದೇಶವೇ ಬೇಡ ಅನ್ನುವ ಪಕ್ಷದವರು ಆ ದೇಶದ ಪ್ರಧಾನಿ.

ಪ್ರಾಂತ್ಯದ ಕೈಗೆ ಎಷ್ಟು ಬಲ ಬಂದಿದೆ ಅಂದರೆ, 2016ರ ಅಕ್ಟೋಬರಿನಲ್ಲಿ ಫ್ರೆಂಚ್ ಭಾಗವಾದ ವಲೋನಿಯಾ, 36 ಲಕ್ಷ ಜನರ ನಾಡು, ಒಕ್ಕೂಟ ಮತ್ತು ಕೆನಡಾ ನಡುವಿನ ವ್ಯಾಪಾರ ಒಪ್ಪಂದವನ್ನು ಹಿಡಿದು ನಿಲ್ಲಿಸಿತು. ಏಳು ವರ್ಷ ಮಾತುಕತೆ ನಡೆದಿದ್ದ ಒಪ್ಪಂದ. ಬೆಲ್ಜಿಯಂ ಸಹಿಗೆ ವಲೋನಿಯಾದ ಒಪ್ಪಿಗೆ ಬೇಕು, ಒಕ್ಕೂಟದ ಸಹಿಗೆ ಬೆಲ್ಜಿಯಂ ಬೇಕು. ಸಹಿ ಸಮಾರಂಭವೇ ಮುಂದಕ್ಕೆ ಹೋಯಿತು. ಅಕ್ಟೋಬರ್ 30ಕ್ಕೆ ಹೇಗೋ ಮುಗಿಯಿತು. ನಮ್ಮ ಡಚ್ ಟೀಚರಿಗೆ ಮಾತ್ರ ವಾರವಿಡೀ ಕೋಪ: "ನೋಡಿದಿರಾ ಅವರ ಬುದ್ಧಿ!"

ಪ್ರಶ್ನೆ: ಬ್ರಿಟನ್ ಹೋಯಿತು. ಮುಂದೆ ಯಾರು?

ಸದ್ಯಕ್ಕೆ ಗಂಟುಮೂಟೆ ಕಟ್ಟುವವರು ಯಾರೂ ಕಾಣುವುದಿಲ್ಲ. ಬ್ರಿಟನ್ ಪಟ್ಟ ಪಾಡು ನೋಡಿ ಉಳಿದವರು ಜಾಣರಾದರು. ಫ್ರಾನ್ಸಿನ ರಾಷ್ಟ್ರೀಯವಾದಿ ನಾಯಕಿ ಮರೀನ್ ಲೆ ಪೆನ್ 2017ರ ಅಧ್ಯಕ್ಷ ಚುನಾವಣೆಯಲ್ಲಿ ಯೂರೋ ನಾಣ್ಯ ಬಿಡುವ ಮಾತಾಡಿ ಎರಡನೇ ಸುತ್ತಿನಲ್ಲಿ 33.9% ಮತ ಪಡೆದರು. ಬ್ಯಾಂಕಿನಲ್ಲಿ ಯೂರೋ ಇಟ್ಟ ಪಿಂಚಣಿದಾರರು ಹೆದರಿದ್ದರು. ಆ ಮಾತು ಕೈಬಿಟ್ಟು 2022ರಲ್ಲಿ ನಿಂತಾಗ 41.5%. ಈಗ ಅವರ ಮಾತು 'ಒಳಗಿದ್ದೇ ಬದಲಿಸೋಣ'.

ನನಗೆ ಇದೇ ಹೆಚ್ಚು ಗಂಭೀರ ಅನ್ನಿಸುತ್ತದೆ. ಎದ್ದು ಹೋದವನ ಕುರ್ಚಿ ಖಾಲಿ ಆಗುತ್ತದೆ, ಉಳಿದವರ ಸಭೆ ನಡೆಯುತ್ತದೆ. ಕೂತೇ 'ಊಹೂಂ' ಅನ್ನುವವನ ಎದುರು ಏನು ಮಾಡುತ್ತೀರಿ? ವಿದೇಶಾಂಗ ನೀತಿ, ತೆರಿಗೆ, ಹೊಸ ಸದಸ್ಯರು, ಇಂಥವಕ್ಕೆ ಎಲ್ಲರ ಒಪ್ಪಿಗೆ ಬೇಕು. 2023ರ ಡಿಸೆಂಬರ್ 14ರಂದು ಉಕ್ರೇನ್ ಜೊತೆ ಸದಸ್ಯತ್ವದ ಮಾತುಕತೆ ಶುರು ಮಾಡಲು ಹಂಗೇರಿಯ ಪ್ರಧಾನಿಯಾಗಿದ್ದ ವಿಕ್ಟರ್ ಓರ್ಬಾನ್ ಒಪ್ಪಲಿಲ್ಲ. ಕೊನೆಗೆ ಜರ್ಮನಿಯ ಚಾನ್ಸೆಲರ್ ಸಲಹೆಯಂತೆ ಅವರು ಎದ್ದು ರೂಮಿನಿಂದ ಹೊರಗೆ ಹೋದರು. ಉಳಿದ 26 ಜನ 'ಎಲ್ಲರೂ ಒಪ್ಪಿದ್ದೇವೆ' ಎಂದು ತೀರ್ಮಾನ ಬರೆದರು. ಅದೇ ರಾತ್ರಿ ಉಕ್ರೇನಿಗೆ 50 ಶತಕೋಟಿ ಯೂರೋ ನೆರವಿನ ವಿಷಯ ಬಂದಾಗ ಓರ್ಬಾನ್ ರೂಮಿನಲ್ಲೇ ಇದ್ದರು, ತಡೆದರು. ಅದು ದಾಟಲು ಫೆಬ್ರವರಿ 1 ಆಯಿತು.

ಆದರೆ ರಾಷ್ಟ್ರೀಯವಾದಿಗಳಿಗೂ ಒಂದು ಪೀಡೆ ಇದೆ. ಒಬ್ಬನ 'ನಮ್ಮ ದೇಶ ಮೊದಲು' ಇನ್ನೊಬ್ಬನಿಗೆ ಚುಚ್ಚುತ್ತದೆ. 2007ರ ಜನವರಿಯಲ್ಲಿ ರೊಮೇನಿಯಾ ಒಕ್ಕೂಟ ಸೇರಿತು. ಅಲ್ಲಿಂದ ಬಂದ ಸದಸ್ಯರ ಬಲದಿಂದ ತೀವ್ರ ಬಲಪಂಥದವರು ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಒಂದು ಗುಂಪು ಕಟ್ಟಿದರು. ಒಕ್ಕೂಟದ ವಿಸ್ತರಣೆಯನ್ನು ಬೈಯುತ್ತಿದ್ದವರಿಗೆ ಗುಂಪು ಸಿಕ್ಕಿದ್ದೇ ವಿಸ್ತರಣೆಯಿಂದ. ನವೆಂಬರಿನಲ್ಲಿ ಇಟಲಿಯ ಅಲೆಸಾಂದ್ರಾ ಮುಸೊಲಿನಿ (ಹೌದು, ಆ ಮುಸೊಲಿನಿಯ ಮೊಮ್ಮಗಳೇ) ರೊಮೇನಿಯನ್ನರನ್ನು ಅಪರಾಧಿಗಳೆಂಬಂತೆ ಮಾತಾಡಿದರು. ಗುಂಪಿನಲ್ಲಿದ್ದ ರೊಮೇನಿಯಾದ ಐವರು ಎದ್ದು ನಡೆದರು. ಗುಂಪಿಗೆ ಬೇಕಾದ ಸಂಖ್ಯೆ ಇಲ್ಲದೆ ಅಂಗಡಿ ಬಾಗಿಲು ಹಾಕಿತು. 2024ರ ಚುನಾವಣೆ ನಂತರ ಇಂಥ ಗುಂಪುಗಳು ಮೂರಿದ್ದವು. ಒಟ್ಟು 720ರಲ್ಲಿ 187 ಸೀಟು, ಕಾಲು ಭಾಗಕ್ಕೂ ಸ್ವಲ್ಪ ಜಾಸ್ತಿ. ಒಂದೇ ಗುಂಪಾಗಲಿಲ್ಲ ಅನ್ನುವುದನ್ನು ಗಮನಿಸಿ. ರಷ್ಯಾದ ವಿಷಯ ಬಂದರೆ ಪೋಲೆಂಡಿನವರಿಗೂ ಹಂಗೇರಿಯವರಿಗೂ ಎಣ್ಣೆ ಸೀಗೇಕಾಯಿ.

ಪ್ರಶ್ನೆ: ಒಕ್ಕೂಟದಿಂದ ಹಣ ಪಡೆದ ಊರುಗಳೇ ಬ್ರೆಕ್ಸಿಟ್‌ಗೆ ಮತ ಹಾಕಿದವಂತೆ. ಕೃತಜ್ಞತೆ ಬೇಡವೇ?

ವೇಲ್ಸಿನ ಬ್ಲೈನೈ ಗ್ವೆಂಟ್ ಎಂಬ ಕಣಿವೆಗಳ ಸೀಮೆ. 2002ರಲ್ಲಿ ಅಲ್ಲಿನ ಉಕ್ಕಿನ ಕಾರ್ಖಾನೆ ಮುಚ್ಚಿತು. ಆಮೇಲೆ ರಸ್ತೆಗೆ, ಕಾಲೇಜಿಗೆ ಒಕ್ಕೂಟದ ಹಣ ಬಂತು. 2016ರಲ್ಲಿ 62% ಜನ 'ಹೊರಡೋಣ' ಎಂದರು. ಕೃತಘ್ನತೆ ಅಂತ ನಾನು ಹೇಳುವುದಿಲ್ಲ. ಕೆಲಸ ಹೋದವನಿಗೆ ಅಗಲವಾದ ರಸ್ತೆ ಕೊಟ್ಟರೆ ಅವನ ಮಗ ಆ ರಸ್ತೆ ಹಿಡಿದು ಊರು ಬಿಡುತ್ತಾನೆ. ಜೊತೆಗೆ, ಹಣ ಯಾರದು ಎಂದು ಹೇಳುತ್ತಿದ್ದದ್ದು ರಸ್ತೆ ಬದಿಯ 12 ನಕ್ಷತ್ರದ ಒಂದು ಬೋರ್ಡು. ಎದುರಿಗೆ ದೇಶವಿಡೀ ತಿರುಗಿದ ಕೆಂಪು ಬಸ್ಸು, ವಾರಕ್ಕೆ 35 ಕೋಟಿ ಪೌಂಡ್ ಬ್ರಸೆಲ್ಸ್‌ಗೆ ಕೊಡುತ್ತಿದ್ದೇವೆ ಎಂದು ಮೈತುಂಬ ಬರೆಸಿಕೊಂಡಿತ್ತು. ಬ್ರಿಟನ್ನಿಗೆ ವಾಪಸ್ ಬರುತ್ತಿದ್ದ ಹಣವನ್ನು ಕಳೆಯದ ಲೆಕ್ಕ ಅದು. ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ತಪ್ಪು ದಾರಿಗೆಳೆಯುವ ಲೆಕ್ಕ ಎಂದಿತ್ತು. ಬೋರ್ಡು ನಿಂತಲ್ಲೇ ನಿಂತಿತ್ತು, ಬಸ್ಸು ಓಡಿತು.

ಪ್ರಶ್ನೆ: ಇಂಥ ಜಗಳ ಒಕ್ಕೂಟದಿಂದಲೇ ತಣ್ಣಗಾದ ಜಾಗ ಒಂದಾದರೂ ಇದೆಯೇ?

ಇದೆ. ಇಟಲಿಯ ಉತ್ತರದ ತುದಿಯ ಸೌತ್ ಟೈರೋಲ್. ಮೊದಲ ಮಹಾಯುದ್ಧದ ಕೊನೆಗೆ ಆಸ್ಟ್ರಿಯಾದಿಂದ ಕಿತ್ತು ಇಟಲಿಗೆ ಕೊಟ್ಟ ನಾಡು. ಜನರ ಮಾತು ಜರ್ಮನ್. ಮುಸೊಲಿನಿ ಕಾಲದಲ್ಲಿ ಜರ್ಮನ್ ಶಾಲೆ ಮುಚ್ಚಿದರು, ಊರುಗಳ ಹೆಸರು ಬದಲಿಸಿದರು. 1961ರ ಜೂನ್‌ನ ಒಂದೇ ರಾತ್ರಿ, ಇಟಲಿಯ ಆಳ್ವಿಕೆ ಬೇಡವೆಂದ ಜರ್ಮನ್ ಭಾಷಿಕರು 37 ವಿದ್ಯುತ್ ಕಂಬಗಳನ್ನು ಸ್ಫೋಟಿಸಿದರು. 1972ರಲ್ಲಿ ದೊಡ್ಡ ಸ್ವಾಯತ್ತತೆ ಸಿಕ್ಕಿತು. ತೆರಿಗೆಯ ಸುಮಾರು 90% ಅಲ್ಲೇ ಉಳಿಯುತ್ತದೆ. ಸರ್ಕಾರಿ ಕೆಲಸವನ್ನು ಭಾಷೆಯ ಲೆಕ್ಕದಲ್ಲಿ ಹಂಚುತ್ತಾರೆ. 1992ರಲ್ಲಿ ಆಸ್ಟ್ರಿಯಾ ಜಗಳ ಮುಗಿಯಿತು ಎಂದು ವಿಶ್ವಸಂಸ್ಥೆಗೆ ಬರೆದುಕೊಟ್ಟಿತು. 1995ರಲ್ಲಿ ತಾನೂ ಒಕ್ಕೂಟ ಸೇರಿತು. 1998ರಲ್ಲಿ ಬ್ರೆನ್ನರ್ ಕಣಿವೆಯ ಗಡಿಯ ಅಡ್ಡಗಂಬ ತೆಗೆದರು.

ನಾವು ಇನ್ಸ್‌ಬ್ರುಕ್‌ನಿಂದ ರೈಲಿನಲ್ಲಿ ಹೋಗಿದ್ದೆವು. ಗಡಿ ಯಾವಾಗ ದಾಟುತ್ತದೆ ನೋಡಬೇಕೆಂದು ಕಿಟಕಿಗೆ ಮೂಗು ಒತ್ತಿ ಕೂತಿದ್ದೆ. ಸ್ಟೇಷನ್ನಿನ ಬೋರ್ಡಿನಲ್ಲಿ ಎರಡು ಹೆಸರು ಕಂಡಾಗಲೇ ಗೊತ್ತಾದದ್ದು, ದಾಟಿ ಆಗಿತ್ತು. ನಮ್ಮ ಎದುರು ಕೂತಿದ್ದ ಯಜಮಾನರಿಗೆ ಬೊಲ್ಜಾನೊದಲ್ಲಿ ಮನೆ. ಬೋಜೆನ್ ಅಂತ ಜರ್ಮನ್ ಹೆಸರೇ ಹೇಳಿದರು. "ಗಡಿ ಯಾರಿಗೆ ಬೇಕು, ಬೇಕಾದ್ದು ಆಚೆ ಇರುವ ಅಕ್ಕನ ಮನೆಗೆ ಹೋಗಿಬರುವುದು" ಎಂದರು. ಮಕ್ಕಳು ಮಾತ್ರ ಇಂದಿಗೂ ಜರ್ಮನ್ ಶಾಲೆ, ಇಟಾಲಿಯನ್ ಶಾಲೆ ಅಂತ ಬೇರೆ ಬೇರೆ. ಪ್ರೀತಿ ಹುಟ್ಟಿದೆ ಅಂತ ಹೇಳಲಾರೆ. ಕಂಬ ಸ್ಫೋಟಿಸಲು ಯಾರಿಗೂ ಪುರುಸೊತ್ತಿಲ್ಲ. 2016ರಲ್ಲಿ ವಲಸಿಗರ ಭಯದಿಂದ ಆಸ್ಟ್ರಿಯಾ ಬ್ರೆನ್ನರ್‌ನಲ್ಲಿ ಮತ್ತೆ ತಪಾಸಣೆ ಶುರು ಮಾಡುತ್ತೇನೆ ಎಂದಾಗ ಆ ಯಜಮಾನರೇ ನೆನಪಾದರು.

ಒಂದು ತಿದ್ದುಪಡಿ

ಗಡಿ ತಪಾಸಣೆ ತೆಗೆದ ಷೆಂಗೆನ್ ಒಪ್ಪಂದಕ್ಕೆ ಷೆಂಗೆನ್ ಎಂಬ ಹಳ್ಳಿಯ ಭವನದಲ್ಲಿ ಸಹಿ ಬಿತ್ತು ಎಂದು ಹೋದ ಸಲ ಬರೆದಿದ್ದೆ. ಇಬ್ಬರು ಓದುಗರು ಕಿವಿ ಹಿಂಡಿದ್ದಾರೆ. ಅವರೇ ಸರಿ. 1985ರ ಜೂನ್ 14ರಂದು ಐದು ದೇಶದವರು ಸಹಿ ಹಾಕಿದ್ದು ಲಕ್ಸೆಂಬರ್ಗಿನ ಷೆಂಗೆನ್ ಬಳಿ, ಮೊಸೆಲ್ ನದಿಯಲ್ಲಿದ್ದ 'ಪ್ರಿನ್ಸೆಸ್ ಮರೀ ಆಸ್ಟ್ರಿಡ್' ಎಂಬ ಹಡಗಿನ ಮೇಲೆ. ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್ ಮೂರೂ ಕೂಡುವ ಜಾಗ ಅದು. ಎದುರು ದಡ ಜರ್ಮನಿ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ನೆಲದ ಗಡಿಗಳಲ್ಲೂ ಮತ್ತೆ ತಪಾಸಣೆ ಶುರು ಮಾಡಿತು, ಲಕ್ಸೆಂಬರ್ಗ್ ಗಡಿಯಲ್ಲೂ.